ಇನ್ನೊಬ್ಬನ ಹೆಸರಿಗೆ ಓಗೊಟ್ಟವನು

ನಾಲ್ಕು ಜನರ ಜೊತೆ ನಿಂತರೆ ಸಾಕು, ತಾತನ ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡಾಡತೊಡಗುತ್ತಿತ್ತು. ಗೊತ್ತಿಲ್ಲದವರು ಜಪ ಅಂದುಕೊಳ್ಳುತ್ತಿದ್ದರು. ಜಪವಲ್ಲ, ತಲೆ ಎಣಿಕೆ. ಮದುವೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯ ಜಗಲಿಯಲ್ಲಿ, ತನ್ನ ಜೊತೆ ಹೊರಟವರೆಷ್ಟು, ಈಗ ಕಣ್ಣೆದುರಿಗಿರುವವರೆಷ್ಟು ಎಂದು ತಾಳೆ ನೋಡುತ್ತಲೇ ಇರುತ್ತಿದ್ದ. ಮೋಟಾರಿನ ಗ್ರೀಸು ಕೂತು ಆ ಗೆಣ್ಣುಗಳ ಗೆರೆಗಳೆಲ್ಲ ಕಪ್ಪಾಗಿದ್ದವು.

ಅವನು ನನ್ನ ತಾಯಿಯ ತಂದೆ. ಹದಿನೆಂಟಕ್ಕೆ ನೌಕಾಪಡೆ ಸೇರಿ, ಹಡಗಿನ ಇಂಜಿನ್ ಕೋಣೆಯಲ್ಲಿ ಹದಿನೈದು ವರ್ಷ ಬೆಂದು, ಪಾಂಡವಪುರಕ್ಕೆ ವಾಪಸ್ಸು ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಊರಿನವರಿಗೆ ಮಾತ್ರ ಸಾಯುವವರೆಗೂ 'ಮಿಲ್ಟ್ರಿಯವ್ರು'.

"ಮಿಲ್ಟ್ರಿ ಅಲ್ಲ ಕಣ್ಲಾ, ನೇವಿ."

"ಎಲ್ಲಾ ಒಂದೇಯ ಬುಡಿ. ಬಾಂಬು ಆಕಿದ್ರಾ?"

"ಎಣ್ಣೆ ಆಕಿವ್ನಿ."

ಸುಟ್ಟ ಮೋಟಾರು ಬಂದರೆ ಮೊದಲು ಬಿಚ್ಚುತ್ತಿರಲಿಲ್ಲ. ಓಡುವಂತಿದ್ದರೆ ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. "ಬಾಯಿ ಇಲ್ದೇ ಇರೋದೂ ಯೇಳ್ತದೆ, ನಾವ್ ಕೇಳಿಸ್ಕಬೇಕು" ಅನ್ನುತ್ತಿದ್ದ. ಆ ಒಂದು ಅಂಗಡಿ ಮೂರಾಯಿತು. ಬೆಳ್ಳೂರು ಕ್ರಾಸಿನದ್ದನ್ನು ಈಗ ದೊಡ್ಡ ಮಾವ ನೋಡಿಕೊಳ್ಳುತ್ತಾನೆ. ಅಷ್ಟೆಲ್ಲ ವ್ಯಾಪಾರದ ನಡುವೆಯೂ ಅಮ್ಮನಿಗೂ ಚಿಕ್ಕಮ್ಮನಿಗೂ ಬೆಳಿಗ್ಗೆ ಜಡೆ ಹಾಕುತ್ತಿದ್ದವನು ಅವನೇ. ಹಡಗಿನಲ್ಲಿ ಹಗ್ಗ ಹೆಣೆದು ಕಲಿತ ಕೈ. ಸ್ಕೂಲು ಬಿಟ್ಟು ಬರುವಾಗಲೂ ಒಂದೆಳೆ ಸಡಿಲವಾಗಿರುತ್ತಿರಲಿಲ್ಲವಂತೆ.

ಆ ಎಣಿಕೆಯ ಬಗ್ಗೆ ನನಗೆ ಚಿಕ್ಕಂದಿನಿಂದ ತಕರಾರು. ನಾನು ಎಲ್ಲದಕ್ಕೂ ತಕರಾರು ತೆಗೆಯುವವಳು. ಬೆಕ್ಕು ಅಡ್ಡ ಬಂದರೆ ಕಾರಣ ಕೇಳುವವಳು. ತಾತ ರಾಹುಕಾಲ ನೋಡುತ್ತಿರಲಿಲ್ಲ, ದೆವ್ವ ನಂಬುತ್ತಿರಲಿಲ್ಲ, ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತ್ತು. ಆದರೆ ಎಣಿಕೆ ಮಾತ್ರ ನಿಲ್ಲಲಿಲ್ಲ.

"ಎಣಿಸಿದ್ರೆ ಜನ ಉಳಿದುಬಿಡ್ತಾರಾ ತಾತ?"

"ಎಣಿಸ್ದೆ ಇದ್ರೆ ಯಾರು ಓದ್ರು ಅಂತ ಗೊತ್ತಾಗಕಿಲ್ಲ ಕಣವ್ವ."

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಮಂದಿಯೆಲ್ಲ ಬೆಳಗೊಳದ ಕಡೆ ಹೊಳೆ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಹತ್ತೊಂಬತ್ತು ಜನ. ಗಳಿಗೆಗೊಮ್ಮೆ ತಾತ ಹೆಸರು ಕೂಗುವುದು, ನಾವು ನಗುತ್ತಾ ಕೈ ಎತ್ತುವುದು. ಒಮ್ಮೆ ಕೂಗಿದಾಗ ಸಣ್ಣ ಮಾವನ ಮಗ ಚುರುಮುರಿ ತರಲು ರಸ್ತೆಗೆ ಹೋಗಿದ್ದ. ಮಾವ ಎಲೆ ಮುಂದೆ ಕೂತವನು ತಲೆಯೂ ಎತ್ತದೆ, "ಅವ್ನೂ ಅವ್ನೆ ಬುಡಪ್ಪ" ಅಂದ. ತಾತ ಸುತ್ತ ನೋಡಿದ. ಹುಡುಗ ಇರಲಿಲ್ಲ. ನೇರ ಬಂದು, ಎರಡು ಮಕ್ಕಳ ತಂದೆಯಾದ ಮಗನ ಕೆನ್ನೆಗೆ ಬಾರಿಸಿದ. ತಾತ ಯಾರ ಮೇಲಾದರೂ ಕೈ ಎತ್ತಿದ್ದನ್ನು ನಮ್ಮಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

"ಇನ್ನೊಬ್ಬನ ಎಸ್ರಿಗೆ ನೀನು ಓಗುಡಬ್ಯಾಡ" ಅಂದ. ಹುಡುಗ ಚುರುಮುರಿ ಪೊಟ್ಟಣ ಹಿಡಿದು ಬಂದ. ಆಮೇಲೆ ಯಾರೂ ಸರಿಯಾಗಿ ಉಣ್ಣಲಿಲ್ಲ.

ಇನ್ನೊಂದು ವಿಷಯವನ್ನು ಮನೆಯಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ತಾತ, ನೇವಿಯಲ್ಲಿದ್ದಾಗ ರಜೆ ಹಾಕಿ, ಆಮೇಲೆ ಅಂಗಡಿ ಮುಚ್ಚಿ, ಹೊಸ ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಬೇಳೆ, ಬೆಲ್ಲ, ತೆಂಗಿನಕಾಯಿ, ಸೀರೆ ಜೋಡಿಸಿಕೊಂಡು ನಾಗಮಂಗಲದ ಮೇಲೆ ಹೊಣಕೆರೆ ಕಡೆಯ ಒಂದು ಹಳ್ಳಿಗೆ ಹೋಗುತ್ತಿದ್ದ. ಅಲ್ಲಿದ್ದವಳು ಅವನ ಒಡಹುಟ್ಟಿದವಳಲ್ಲ. ಅವನ ಜೊತೆ ಅದೇ ಹಡಗಿನಲ್ಲಿದ್ದ ಕೆ.ಆರ್. ಪೇಟೆ ಕಡೆಯ ಹುಡುಗನೊಬ್ಬನ ತಂಗಿ. ಆ ಹುಡುಗ ಹತ್ತೊಂಬತ್ತಕ್ಕೆ ಸಮುದ್ರಕ್ಕೆ ಬಿದ್ದು ಹೋದ. ಬೇರೆ ಅಣ್ಣತಮ್ಮಂದಿರಿಲ್ಲ. ತವರಿನ ಬಾಗಿನ ತರುವವರಿಲ್ಲದ ಆ ಹೆಣ್ಣಿಗೆ ಐವತ್ತಕ್ಕೂ ಹೆಚ್ಚು ವರ್ಷ ತಾತನೇ ತವರಾಗಿದ್ದ. ಅವಳ ಮದುವೆಗೆ ಧಾರೆಯ ಹೊತ್ತಿನಲ್ಲಿ ಅಣ್ಣನ ಜಾಗದಲ್ಲಿ ನಿಂತವನೂ ಅವನೇ. ನಾವು ಮಕ್ಕಳು ಅವಳನ್ನು ಹೊಣಕೆರೆಯಜ್ಜಿ ಅನ್ನುತ್ತಿದ್ದೆವು.

ನಾನು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಗ, ಒಂದು ಚರ್ಚಾಸ್ಪರ್ಧೆ ಗೆದ್ದು ಊರಿಗೆ ಬಂದವಳು ಪದಕ ತೋರಿಸಲು ಅಂಗಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ತಾತ ಪದಕವನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟ.

"ಪರ ಅಂದ್ರೆ ಪರ, ವಿರುದ್ಧ ಅಂದ್ರೆ ವಿರುದ್ಧ ಮಾತಾಡ್ತೀಯಂತೆ. ಒಂದ್ ಕೇಸು ಕೊಡ್ತೀನಿ, ತೀರ್ಪು ಯೇಳು. ಒಬ್ಬ ಇದ್ದ ಅಂತ ಇಟ್ಕೊ."

ಆ ಒಬ್ಬ ಹಡಗಿನಲ್ಲಿದ್ದ. ಬೆಳಗಿನ ಹಾಜರಿ ಕೂಗುವಾಗ ಗೆಳೆಯ ಬಂದಿರಲಿಲ್ಲ. ಹೊಟ್ಟೆ ತೊಳೆಸುತ್ತದೆ ಎಂದು ನಸುಕಿನಲ್ಲೇ ಮೇಲಕ್ಕೆ ಹೋದವನು ಅಲ್ಲೇ ಎಲ್ಲೋ ಒರಗಿ ನಿದ್ದೆ ಹೋಗಿರಬೇಕು ಅಂದುಕೊಂಡು, ಬೈಸಿಕೊಳ್ಳದಿರಲಿ ಎಂದು, ಗೆಳೆಯನ ಹೆಸರಿಗೆ ತಾನೇ ಓಗೊಟ್ಟ. ಮಧ್ಯಾಹ್ನದ ಊಟಕ್ಕೂ ಗೆಳೆಯ ಬರಲಿಲ್ಲ. ಹಡಗೆಲ್ಲ ಹುಡುಕಿದರು. ಹಾಜರಿಯಲ್ಲಿ ಇದ್ದಾನೆ, ಅಂದಮೇಲೆ ಬಿದ್ದಿದ್ದು ಹಾಜರಿಯ ನಂತರವೇ ಎಂದು ಲೆಕ್ಕ ಹಾಕಿ, ಅಷ್ಟು ದೂರ ಮಾತ್ರ ಹಡಗು ಹಿಂದಕ್ಕೆ ಹೋಯಿತು. ಅದಕ್ಕೂ ಹಿಂದಿನ ನೀರನ್ನು ಯಾರೂ ನೋಡಲಿಲ್ಲ. ಈ ಒಬ್ಬ ಹಡಗಿನಂಚಿನ ಕಟಕಟೆ ಹಿಡಿದು ನಿಂತು ನೋಡುತ್ತಲೇ ಇದ್ದ. ಬಾಯಿ ಬಿಡಲಿಲ್ಲ.

"ಯಾಕೆ?"

"ಜೈಲಿಗೆ ಆಕ್ತಾರೆ ಅಂತ ಭಯ."

ನನಗೆ ಉತ್ಸಾಹ ಬಂದಿತ್ತು. ಇಂಥ ವಿಷಯ ನಮಗೆ ಸ್ಪರ್ಧೆಯಲ್ಲಿ ಸಿಗುವುದಿಲ್ಲ. ಓಗೊಟ್ಟಿದ್ದು ತಪ್ಪೇ ಅಲ್ಲ, ಅದು ಗೆಳೆತನ ಅಂದೆ. ಆದರೆ ಹಡಗು ತಿರುಗುವ ಹೊತ್ತಿನಲ್ಲಿ ಸುಮ್ಮನಿದ್ದದ್ದು ಬೇರೆಯೇ ಕೆಲಸ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವ ಹಾಗಿಲ್ಲ. ಸರಿ, ಆ ಹುಡುಗನ ಮನೆಯವರಿಗಾದರೂ ಆಮೇಲೆ ಹೇಳಿದನಾ ಎಂದು ಕೇಳಿದೆ. ಬಿದ್ದ ತಕ್ಷಣವೇ ಜೀವ ಹೋಯಿತು, ಏನೂ ಗೊತ್ತಾಗಿರುವುದಿಲ್ಲ ಎಂದು ಆ ತಾಯಿಗೆ ಹೇಳಿದನಂತೆ. ಹಾಗಾದರೆ ಅವನು ಇವತ್ತಿಗೂ ಸುಳ್ಳು ಹೇಳುತ್ತಲೇ ಇದ್ದಾನೆ ಅಂದೆ. ಅವರ ಮನೆಯ ಸಾವು ಅವರದ್ದು. ಅದು ಹೇಗಾಯಿತು ಎಂದು ತಿಳಿಯುವ ಹಕ್ಕೂ ಅವರದ್ದು. ತನ್ನ ಮರ್ಯಾದೆಗೋಸ್ಕರ ಅದನ್ನು ಇಟ್ಟುಕೊಳ್ಳಲು ಇವನ್ಯಾರು?

ತಾತ ಎದುರಿಗಿದ್ದ ಮೋಟಾರಿನ ಮುಚ್ಚಳ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸಿದ.

"ಆ ಒಬ್ಬ ನಾನೇ ಕಣವ್ವ" ಅಂದ.

ಅಲ್ಲಿ ನಾನು ನಿಲ್ಲಿಸಬಹುದಿತ್ತು. ಕೈ ಹಿಡಿದುಕೊಂಡು ಸುಮ್ಮನೆ ಕೂರಬಹುದಿತ್ತು. ಬದಲಿಗೆ, ಯಾರೇ ಆಗಿದ್ದರೂ ವಾದ ಬದಲಾಗುವುದಿಲ್ಲ ಅಂದೆ. ಹಾಗೆ ಅಂದದ್ದನ್ನು ಆಗ ಪ್ರಾಮಾಣಿಕತೆ ಅಂದುಕೊಂಡಿದ್ದೆ.

ಮುಂದಿನ ವಾರ, ಎಲ್ಲ ಹೇಳಿಬಿಡಲೆಂದು, ಇಬ್ಬರೂ ಹೊಣಕೆರೆ ಕಡೆ ಹೋದೆವು. ಅವರೆಕಾಯಿ ಕಾಲ. ಹೊಣಕೆರೆಯಜ್ಜಿ ಜಗಲಿಯಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದಳು.

"ಇದೇನಣ್ಣಯ್ಯ, ಅಬ್ಬ ಇಲ್ಲ ಅರಿದಿನ ಇಲ್ಲ. ಮೊಮ್ಮಗಳ ಮದ್ವೆ ಕರಿಯಕ್ ಬಂದ್ಯಾ?"

ತಾತ ನಗಲಿಲ್ಲ. ಅವಳ ಎದುರಿಗೆ ಕೂತು, ನನಗೆ ಹೇಳಿದ್ದನ್ನೇ ಮೊದಲಿನಿಂದ ಹೇಳಿದ, ಈ ಸಲ 'ನಾನು' ಅಂದ. ಅವಳ ಬೆರಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಇಲ್ಲ ಕ್ಷಮಿಸುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಮೂರಕ್ಕೂ ಮನಸ್ಸಿನಲ್ಲಿ ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಅವಳು ಕೇಳಿದ್ದು ಬೇರೆ.

"ಅಂಗಾರೆ, ನೀವು ಬತ್ತೀರ ಅಂತ ನಮ್ಮಣ್ಣ ಕಾಯ್ತಿದ್ನಾ?"

ತಾತನ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡತೊಡಗಿತು.

"ಅವ್ನು ಹೇಮಾವತಿ ಒಳೇಲಿ ಈಜಾಡ್ಕಂಡು ಬೆಳ್ದೋನು ಅಣ್ಣಯ್ಯ. ಬಿದ್ದೇಟ್ಗೆ ಮುಳುಗೋನಲ್ಲ" ಅಂದಳು. ಸಿಪ್ಪೆಯ ರಾಶಿಯನ್ನು ಮಡಿಲಿನಿಂದ ಕೊಡವಿಕೊಂಡು ಎದ್ದು ಒಳಗೆ ಹೋದಳು. ಊಟಕ್ಕೆ ಕರೆಯಲಿಲ್ಲ. ಬಸ್ಸಿನಲ್ಲಿ ತಾತ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತಿದ್ದ. ಹೇಳಿ ಒಳ್ಳೆಯದು ಮಾಡಿದೆ ತಾತ ಅಂದೆ. "ಊಂ" ಅಂದ.

ಆ ವರ್ಷ ಗೌರಿ ಹಬ್ಬಕ್ಕೆ ಎಂದಿನಂತೆ ಮೊರ ಹೊತ್ತು ಒಬ್ಬನೇ ಹೋದ. ಬಾಗಿಲಿಗೆ ಬೀಗ. ಬೆಳ್ಳೂರಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರಂತೆ. ಐವತ್ತು ವರ್ಷದಲ್ಲಿ ಆ ದಿನ ಅವಳು ಮನೆ ಬಿಟ್ಟು ಕದಲಿದವಳಲ್ಲ. ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತಿದ್ದು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸ್ಸು ಬಂದ. ಆ ಬಾಗಿನವನ್ನು ಯಾರಿಗೆ ಕೊಡುವುದೆಂದು ನಮ್ಮಜ್ಜಿಗೆ ತೋಚಲಿಲ್ಲ. ದೇವರ ಮನೆಯ ಮೂಲೆಯಲ್ಲೇ ಉಳಿಯಿತು.

ಅಲ್ಲಿಂದ ಎಣಿಕೆ ತಪ್ಪತೊಡಗಿತು. ಊಟಕ್ಕೆ ಕೂತಾಗ ನಮ್ಮನ್ನೆಲ್ಲ ನೋಡಿ, "ಒಬ್ಬ ಕಮ್ಮಿ" ಅನ್ನುತ್ತಿದ್ದ.

"ಎಲ್ಲಾ ಇದೀವಿ ತಾತ. ಆರು ಜನ, ಆರು ತಟ್ಟೆ."

"ಇಲ್ಲ ಕಣವ್ವ. ಒಬ್ಬ ಕಮ್ಮಿ."

ನಾನು ಒಬ್ಬೊಬ್ಬರ ಹೆಸರನ್ನೂ ಹೇಳಿ ತೋರಿಸುತ್ತಿದ್ದೆ. ಅವನು ನನ್ನ ಮಾತು ಮುಗಿಯುವವರೆಗೆ ಸೌಜನ್ಯದಿಂದ ಕಾದು, ಬಾಗಿಲ ಕಡೆ ನೋಡುತ್ತಿದ್ದ. ನಾನು ದೆವ್ವ ನಂಬುವವಳಲ್ಲ. ಆದರೂ ಎಷ್ಟೋ ಸಲ ಅವನ ಜೊತೆ ನಾನೂ ಬಾಗಿಲ ಕಡೆ ನೋಡಿದ್ದೇನೆ.

ದೀಪಾವಳಿ ಕಳೆದ ವಾರಕ್ಕೆ ತಾತ ಹೋದ. ಹೊಣಕೆರೆಗೆ ಹೇಳಿಕಳಿಸಿದೆವು. ಹೊಣಕೆರೆಯಜ್ಜಿ ಬಂದಳು. ಕಾಲ ಬಳಿ ನಿಂತು, ಮುಟ್ಟದೆ ಹೊರಟುಹೋದಳು.

ಮತ್ತೆ ಗೌರಿ ಹಬ್ಬ ಬಂತು. ಅಷ್ಟರಲ್ಲಿ ನಾನು ಶ್ರೀರಂಗಪಟ್ಟಣದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ್ದೆ. ಇನ್ನು ಅವರಿಗೂ ನಮಗೂ ಏನು ಸಂಬಂಧ ಎಂದು ಮಾವಂದಿರು ಕೇಳಿದರು. ನಮ್ಮಜ್ಜಿ ಹೊಸ ಮೊರ ಜೋಡಿಸಿ ನನ್ನ ಕೈಗೆ ಕೊಟ್ಟಳು. ಬಾಯಿ ಬಿಡಿಸಿದವಳು ನಾನು, ಹೋಗಬೇಕಾದವಳೂ ನಾನೇ.

ಈ ಸಲ ಬಾಗಿಲು ತೆರೆದಿತ್ತು. ಹೊಣಕೆರೆಯಜ್ಜಿ ಮೊರವನ್ನು ನೋಡಿದಳು, ಮುಟ್ಟಲಿಲ್ಲ. "ಕೂತ್ಕ" ಅಂದಳು. ತಾನೂ ಕೂತಳು.

"ನಿಮ್ತಾತನ್ನ ಕೇಳನ ಅಂತಿದ್ದೆ, ಕೇಳಕ್ಕಾಗ್ನಿಲ್ಲ. ಓದ್ದೋಳು ನೀನು, ಯೇಳು. ಅವ್ನು ಎಷ್ಟೊತ್ತು ಇದ್ದಿರ್ಬೌದು ನೀರಲ್ಲಿ?"

ಅದನ್ನು ನಾನು ಆಗಲೇ ಹುಡುಕಿ ಓದಿಕೊಂಡಿದ್ದೆ. ನಮ್ಮ ಕಡೆಯ ಸಮುದ್ರದ ಬೆಚ್ಚಗಿನ ನೀರು, ಚೆನ್ನಾಗಿ ಈಜು ಬಲ್ಲ ಹತ್ತೊಂಬತ್ತರ ಹುಡುಗ. ಗಂಟೆಗಳ ಲೆಕ್ಕ ನನಗೆ ಬಾಯಿಗೆ ಬರುತ್ತಿತ್ತು. ಹಡಗು ಹಿಂದಕ್ಕೆ ತಿರುಗಿದ ಹೊತ್ತೂ ಗೊತ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಮತ್ತೆ ನೋಡಬಾರದೆಂದು ಪುಸ್ತಕ ಮುಚ್ಚಿದ್ದೆ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಿಳಿಯುವ ಹಕ್ಕು ಅವಳದ್ದು.

"ಗೊತ್ತಿಲ್ಲ ಅಜ್ಜಿ" ಅಂದೆ.

ಅವಳು ಮೊರವನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು ಒಳಗೆ ತೆಗೆದುಕೊಂಡು ಹೋದಳು.

"ಕೈಕಾಲ್ ತೊಳ್ಕ ಬಾ, ಎಲೆ ಆಕ್ತೀನಿ" ಎಂದು ಒಳಗಿನಿಂದ ಕೂಗಿದಳು.

ನಡುಮನೆಯಲ್ಲಿ ಕಂಬಕ್ಕೆ ಒರಗಿಸಿ ಮಣೆ ಹಾಕಿದ್ದಳು. ಅಣ್ಣಯ್ಯ ಕೂರ್ತಿದ್ದ ಜಾಗ ಅಂದಳು. ಕೂತೆ. ಒಬ್ಬಟ್ಟು ಬಡಿಸಿ, ಮೇಲೆ ತುಪ್ಪ ಹಾಕಿ, ಎದುರಿಗೇ ಕೂತು, ಉಣ್ಣವ್ವ, ಸಂಕೋಚ ಮಾಡ್ಕಬ್ಯಾಡ ಅಂದಳು. ಐವತ್ತಕ್ಕೂ ಹೆಚ್ಚು ಹಬ್ಬ ತಾತ ಇದೇ ಮಣೆಯ ಮೇಲೆ ಕೂತು, ಈ ಮುಖವನ್ನು ಎದುರಿಗಿಟ್ಟುಕೊಂಡು ಉಂಡಿದ್ದ. ನಾನು ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ.