ನಡುವಿನ ಒಬ್ಬ

ಮೇಷ್ಟ್ರ ಕೈ ಬಲು ಜೋರು. ಮೀಸೆ ಹಣ್ಣಾದ ಫಿಟ್ಟರುಗಳು, ಮಗಳ ಮದುವೆ ಮುಗಿಸಿದ ವೆಲ್ಡರುಗಳು, ಎಲ್ಲರೂ ಅವರ ಹತ್ತಿರ ಏಟು ತಿಂದವರೇ. ವೃತ್ತದ ಒಳಗೆ ಹೋಗಬೇಕಾದ ಸಂಖ್ಯೆಯನ್ನು ಹೊರಗೆ ಬರೆದರೆ ಮರದ ಡಸ್ಟರು ಹಾರಿ ಬಂದು ಹಣೆಗೆ ಬೀಳುತ್ತಿತ್ತು. ಒಮ್ಮೆ ಒಬ್ಬನ ಹುಬ್ಬು ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಮೇಷ್ಟ್ರೇ, ದಾರಿಯುದ್ದಕ್ಕೂ ಅದೇ ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಾ ಬೈದವರೂ ಅವರೇ. ಇಂಥವರನ್ನು ಪೊಲೀಸರಿಗೆ ಹಿಡಿದುಕೊಡಬೇಕು ನಿಜ. ಆದರೆ ಅವರ ಕೈಯಲ್ಲಿ ಕಲಿತವರು ಪರೀಕ್ಷೆ ಪಾಸಾಗುತ್ತಿದ್ದರು, ಹಾಗಾಗಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಪರೀಕ್ಷೆ ಅಂದರೆ ಊರಂಚಿನ ಎರಕದ ಕಾರ್ಖಾನೆಯವರು ಮೇಲ್ವಿಚಾರಕರ ಹುದ್ದೆಗೆ ನಡೆಸುವ ಪರೀಕ್ಷೆ. ಕೆಲಸ ಎಷ್ಟೇ ಬರಲಿ, ಬುದ್ಧಿಮತ್ತೆಯ ಪತ್ರಿಕೆಯಲ್ಲಿ ಮುಗ್ಗರಿಸಿದವನು ಕುಲುಮೆಯ ಮುಂದೆಯೇ ಆಯುಷ್ಯ ಸವೆಸಬೇಕು. ಇಷ್ಟು ಜನ ಟೀ ಕುಡಿಯುತ್ತಾರೆ, ಇಷ್ಟು ಜನ ಕಾಫಿ ಕುಡಿಯುತ್ತಾರೆ, ಎರಡನ್ನೂ ಕುಡಿಯುವವರು ಎಷ್ಟು ಎಂಬ ಜಾತಿಯ ಪ್ರಶ್ನೆಗಳು. ಕಬ್ಬಿಣ ಕರಗಿಸುವವನಿಗೆ ಯಾರು ಏನು ಕುಡಿದರೆ ಏನಾಗಬೇಕು? ಆದರೂ ಕೇಳುತ್ತಾರೆ. ಮೇಷ್ಟ್ರೂ ಒಂದು ಕಾಲಕ್ಕೆ ಅದೇ ಕುಲುಮೆಯ ಮುಂದೆ ಬೆಂದವರು. ಟೀ ಕುಡಿಯುವವರು, ಟೀ ಮಾತ್ರ ಕುಡಿಯುವವರು, ಇಬ್ಬರೂ ಒಂದೇ ಅಂದುಕೊಂಡು ಆ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದ್ದರು. ಆ ಸಿಟ್ಟಿಗೆ ಕೆಲಸ ಬಿಟ್ಟರು, ಲೆಕ್ಕದ ಪುಸ್ತಕಗಳನ್ನು ಅರೆದು ಕುಡಿದರು, ಟೈರ್ ಅಂಗಡಿಯ ಮೇಲಿನ ಕೋಣೆ ಹಿಡಿದು ಬೆಂಚು ಹಾಕಿಸಿದರು. ಮದುವೆ ಮಾಡಿಕೊಳ್ಳಲು ಪುರುಸೊತ್ತಾಗಲಿಲ್ಲ. ಒಬ್ಬಳೇ ತಂಗಿಯ ಮನೆಯಲ್ಲಿ ಊಟ, ಅಲ್ಲೇ ಮುಂದಿನ ಕೋಣೆಯಲ್ಲಿ ಹಾಸಿಗೆ. ತಂಗಿಯ ಗಂಡ ಅದೇ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವ ಕೆಲಸದವನು, ಮೂರನೇ ಬೆಂಚಿನ ವಿದ್ಯಾರ್ಥಿ ಕೂಡ. ಮನೆಯಲ್ಲಿ ಭಾವಮೈದುನ, ತರಗತಿಯಲ್ಲಿ ಕತ್ತೆ.

"ಮೊದಲು ನಡು ತುಂಬಿ" ಎನ್ನುವುದು ಮೇಷ್ಟ್ರ ಒಂದೇ ಮಂತ್ರ. "ಎರಡು ವೃತ್ತ ಒಂದರ ಮೇಲೊಂದು ಬಿದ್ದಿರೋ ಜಾಗ ಇದೆಯಲ್ಲ, ಅದರಲ್ಲಿ ಕೂತವನು ಎರಡು ಕಡೆಗೂ ಸೇರಿದವನು. ಅವನನ್ನ ಮೊದಲು ಹಿಡೀರಿ. ಅವನು ಸಿಕ್ಕಿದ ಅಂದ್ರೆ ಉಳಿದವರೆಲ್ಲ ತಾವಾಗಿಯೇ ಸಾಲಾಗಿ ನಿಲ್ತಾರೆ."

ಆ ವರ್ಷ ಕಾರ್ಖಾನೆ ಹೊತ್ತಿ ಉರಿಯುತ್ತಿತ್ತು. ಹಳೇ ಸಂಘ, ಹೊಸ ಸಂಘ ಎಂದು ಕೆಲಸಗಾರರು ಎರಡಾಗಿ ಒಡೆದಿದ್ದರು. ಯಾವುದಾದರೊಂದಕ್ಕೆ ಸೇರದೆ ಗೇಟಿನೊಳಗೆ ಕಾಲಿಡುವಂತಿರಲಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿ ತಲೆಗಳು ಒಡೆದವು, ಕ್ಯಾಂಟೀನಿನಲ್ಲಿ ಕುದಿಯುವ ನೀರು ಎರಚಾಡಿದರು. ಲೇತ್ ಕೆಲಸದ ಒಬ್ಬ ಎರಡೂ ಸಂಘಗಳಲ್ಲಿ ಹೆಸರು ಬರೆಸಿದ್ದು ಬಯಲಾಯಿತು. ಅವನನ್ನು ಬಾಯ್ಲರ್ ಶೆಡ್ಡಿನ ಹಿಂದಕ್ಕೆ ಎಳೆದೊಯ್ದು, ಕಬ್ಬಿಣದ ಸರಳಿನಿಂದ ಎರಡೂ ಮಂಡಿಚಿಪ್ಪು ಪುಡಿ ಮಾಡಿದರು. ಒಂದೊಂದು ಸಂಘ ಒಂದೊಂದು ಮಂಡಿ ಹಂಚಿಕೊಂಡಿತು ಎಂದು ಆಮೇಲೆ ಟೀ ಅಂಗಡಿಯಲ್ಲಿ ನಗುತ್ತಾ ಹೇಳಿಕೊಂಡರು. ಮನುಷ್ಯರು ಯಾವ್ಯಾವುದಕ್ಕೆಲ್ಲ ನಗುತ್ತಾರೋ!

ತರಗತಿಯಲ್ಲೂ ಬೆಂಚುಗಳು ಎಡಕ್ಕೂ ಬಲಕ್ಕೂ ಸರಿದು, ನಡುವೆ ಓಣಿ ಬಿದ್ದಿತ್ತು. ಮೇಷ್ಟ್ರು ಅದನ್ನು ಕಂಡೂ ಕಾಣದಂತಿದ್ದರು. ಅವರಿಗೆ ಪರೀಕ್ಷೆ ಹತ್ತಿರ ಬಂದದ್ದು ಮಾತ್ರ ಕಾಣುತ್ತಿತ್ತು.

ಆ ಮಧ್ಯಾಹ್ನ ಬೆಳಗಿನ ಪಾಳಿ ಮುಗಿಸಿ ಬಂದ ನಲವತ್ತು ಜನ ಬೆಂಚುಗಳ ಮೇಲೆ ತೂಕಡಿಸುತ್ತಿದ್ದರು. ಕೆಳಗೆ ಅಂಗಡಿಯಲ್ಲಿ ಟೈರಿಗೆ ಸುತ್ತಿಗೆ ಬೀಳುವ ಸದ್ದು, ಮೇಲೆ ಸುಟ್ಟ ರಬ್ಬರಿನ ವಾಸನೆ. ಮೇಷ್ಟ್ರು ಮೂರು ಸಲ ಟೀ ಕಾಫಿ ಲೆಕ್ಕ ಬಿಡಿಸಿದರು. ಮೂರು ಸಲವೂ ಒಬ್ಬರ ತಲೆಗೂ ಹತ್ತಲಿಲ್ಲ. ರೇಗಿ ಹೋಯಿತು. ಇಂಥ ಹೊತ್ತಿನಲ್ಲಿ ಅವರು ಮಾಡುವ ಉಪಾಯವೊಂದಿತ್ತು. ಎಲ್ಲರಿಗೂ ಕಣ್ಣು ಮುಚ್ಚಿಸಿ, ಕೈ ಎತ್ತಿಸಿ, ಎಣಿಸಿ, ಅವರದೇ ಲೆಕ್ಕವನ್ನು ಬೋರ್ಡಿಗೆ ಹಾಕುವುದು. ಆಗ ಸತ್ತವನಿಗೂ ಅರ್ಥವಾಗುತ್ತಿತ್ತು.

"ಕಣ್ಣು ಮುಚ್ಚಿ ಕತ್ತೆಗಳಾ! ಹೊರಗೆ ಯಾರೂ ಉಳಿಯದ ಲೆಕ್ಕ ಕೊಡ್ತೀನಿ ಈಗ. ಹಳೇ ಸಂಘದವರು ಕೈ ಎತ್ತಿ."

ಬೇರೆ ಯಾರ ಬಾಯಿಂದ ಬಂದಿದ್ದರೂ ಯಾರೂ ಎತ್ತುತ್ತಿರಲಿಲ್ಲ. ಮೇಷ್ಟ್ರ ಮುಂದೆ ಸುಳ್ಳು ಕೈ ಎತ್ತಿದರೆ ಲೆಕ್ಕ ಕೂಡುವುದಿಲ್ಲ, ಕೂಡದಿದ್ದರೆ ಡಸ್ಟರು ಬೀಳುತ್ತದೆ ಎಂಬ ಭಯ ಮೈಗೆ ಅಂಟಿಹೋಗಿತ್ತು. ಅರೆನಿದ್ದೆಯಲ್ಲೇ ಕೈಗಳು ಮೇಲೆದ್ದವು. ಮೇಷ್ಟ್ರು ಎಣಿಸಿದರು, ಇಪ್ಪತ್ತಮೂರು. "ಇಳಿಸಿ. ಹೊಸ ಸಂಘದವರು." ಹದಿನೆಂಟು. ಎಣಿಸುವಾಗ ಅವರಿಗೆ ಮುಖಗಳು ಕಾಣುತ್ತಿರಲಿಲ್ಲ, ಕೈಗಳು ಮಾತ್ರ. ಬೋರ್ಡಿನ ಕಡೆ ತಿರುಗಿ ಎರಡು ವೃತ್ತ ಎಳೆದರು. ಇಪ್ಪತ್ತಮೂರಕ್ಕೆ ಹದಿನೆಂಟು ಸೇರಿದರೆ ನಲವತ್ತೊಂದು, ಜನ ನಲವತ್ತು. ವರ್ಷಗಟ್ಟಲೆ ಪಳಗಿದ ಕೈ ತಾನಾಗಿಯೇ ಮೊದಲು ನಡುವಿಗೆ ಹೋಯಿತು. ಒಂದು. ಆಮೇಲೆ ಎಡಕ್ಕೆ ಇಪ್ಪತ್ತೆರಡು, ಬಲಕ್ಕೆ ಹದಿನೇಳು. ಹೊರಗೆ ಸೊನ್ನೆ.

"ಕಣ್ಣು ಬಿಡಿ" ಎಂದು ಹೇಳಿ ಈ ಕಡೆ ತಿರುಗಿದ ಮೇಲೆ ಅವರಿಗೆ ತಾವು ಮಾಡಿದ್ದು ಏನೆಂದು ಹೊಳೆಯಿತು. ಮೂರನೇ ಬೆಂಚಿನಲ್ಲಿ ಮೊಣಕೈ ಹತ್ತಿರ ತೇಪೆ ಹಾಕಿದ ನೀಲಿ ತೋಳು ಎರಡು ಸಲವೂ ಮೇಲಿತ್ತು. ಆ ತೇಪೆ ಹಾಕಿದವಳು ತಂಗಿ.

ಅಷ್ಟು ವರ್ಷ ಡಸ್ಟರು ಬೀಸಿಯೂ ಆಗದ ಕೆಲಸ ಅವತ್ತು ಆಯಿತು. ಇಡೀ ತರಗತಿಗೆ ಲೆಕ್ಕ ಒಂದೇ ಏಟಿಗೆ ಅರ್ಥವಾಯಿತು. ಹಳೇ ಸಂಘದ ಮುಖಂಡ, ಎಲ್ಲರೂ ಗಡ್ಡಪ್ಪ ಎಂದು ಕರೆಯುವವನು, ಎದ್ದು ಹೋಗಿ ಬಾಗಿಲ ಚಿಲಕ ಹಾಕಿದ. ಹೊಸ ಸಂಘದ ಬುಲ್ಡೋಜರ್ ಎಂಬವನು ಕಿಟಕಿ ಮುಚ್ಚಿದ. ತಿಂಗಳುಗಟ್ಟಲೆ ಮುಖ ಕಂಡರೆ ಉಗಿಯುತ್ತಿದ್ದ ಇಬ್ಬರೂ ಅಕ್ಕಪಕ್ಕ ಬಂದು ನಿಂತರು.

"ಯಾರದು ಮೇಷ್ಟ್ರೇ, ಆ ಒಂದು?" ಗಡ್ಡಪ್ಪ ಕೇಳಿದ.

"ಎಣಿಕೆ ತಪ್ಪಿದೆ ಕಣ್ರಪ್ಪ. ಕೂತ್ಕೊಳ್ಳಿ."

"ನಿಮ್ಮ ಎಣಿಕೆ ತಪ್ಪುತ್ತಾ? ತಪ್ಪಿದೆ ಅಂದಿದ್ದಕ್ಕೆ ನೀವು ನನ್ನ ಹುಬ್ಬು ಹರಿದಿದ್ರಲ್ಲ" ಎಂದ ಬುಲ್ಡೋಜರ್. "ನೀವು ನೋಡಿದ್ದೀರಿ. ಹೇಳಿಬಿಡಿ. ನಿಮಗೇನೂ ಮಾಡಲ್ಲ."

ಮೇಷ್ಟ್ರು ಮೂರನೇ ಬೆಂಚಿನ ಕಡೆ ಕಣ್ಣು ಹೊರಳದಂತೆ ಗೋಡೆ ನೋಡುತ್ತಾ ನಿಂತರು. ಬಾಯ್ಲರ್ ಶೆಡ್ಡಿನ ಹಿಂದೆ ಬಿದ್ದಿದ್ದ ಆ ಮಂಡಿಗಳು ಕಣ್ಣ ಮುಂದೆ ಬಂದವು. "ನನಗೆ ಗೊತ್ತಿಲ್ಲ" ಎಂದರು. ಎಷ್ಟಾದರೂ ಮೇಷ್ಟ್ರು. ಅವರ ಮೈ ಮುಟ್ಟಲು ಗಡ್ಡಪ್ಪನಿಗೂ ಕೈ ಬರಲಿಲ್ಲ.

ಆ ಕ್ಷಣದಲ್ಲಿ ಮೂರನೇ ಬೆಂಚು ಧಡಾರನೆ ಉರುಳಿತು. ತಂಗಿಯ ಗಂಡ ನುಗ್ಗಿ ಬಂದವನೇ ಮೇಷ್ಟ್ರ ಕೆನ್ನೆಗೆ ಬಾರಿಸಿದ. ಕನ್ನಡಕ ಎಗರಿ ಗೋಡೆಗೆ ಬಡಿದು ಚೂರಾಯಿತು.

"ಹೇಳೋ! ಯಾವನು ಅಂತ ಹೇಳೋ! ನಮ್ಮ ಜೊತೆಲಿದ್ದು ಮೋಸ ಮಾಡೋ ನಾಯಿ ಯಾವನೋ?"

ಭಾವ ಎಂದು ಕರೆಯುತ್ತಿದ್ದ ಬಾಯಿ ಅದು. ಮೇಷ್ಟ್ರು ಆ ಮುಖವನ್ನು ನೇರವಾಗಿ ನೋಡಿದರು. ಬೆವರು ಧಾರಾಕಾರ ಇಳಿಯುತ್ತಿತ್ತು, ತುಟಿ ಅದುರುತ್ತಿತ್ತು. ಹೆದರಿ ಹೊಡೆಯುತ್ತಿದ್ದಾನೆ ಎಂದು ಗೊತ್ತಾಯಿತು. ಗೊತ್ತಾದರೇನು, ಎರಡನೇ ಗುದ್ದಿಗೆ ಮೂಗಿನ ಮೂಳೆ ಮುರಿಯುವುದು ತಪ್ಪಲಿಲ್ಲ.

ಮನೆಯವನೇ ಕೈ ಮಾಡಿದ ಮೇಲೆ ಉಳಿದವರಿಗೆ ಏನು ಅಡ್ಡಿ? ಎಲ್ಲರೂ ಮೇಲೆ ಬಿದ್ದರು. ಹೊಡೆಯದೆ ನಿಂತವನ ಮೇಲೆ ಅನುಮಾನ ಬರುತ್ತದೆಂದು ನಲವತ್ತು ಜನರೂ ಪೈಪೋಟಿಯ ಮೇಲೆ ಹೊಡೆದರು. ಬೋರ್ಡಿನ ಮರದ ಕೈವಾರದಿಂದ ಬೆನ್ನಿಗೆ ಬಡಿದರು, ಅದು ಮುರಿದ ಮೇಲೆ ಬೆಂಚಿನ ಕಾಲು ಕಿತ್ತುಕೊಂಡರು. ಬೂಟುಗಾಲು ಪಕ್ಕೆಗೆ ಬಿದ್ದಾಗ ಒಳಗೆ ಏನೋ ಲಟಕ್ಕೆಂದಿತು. ಮೇಷ್ಟ್ರು ಎದ್ದೇಳಲು ನೆಲಕ್ಕೆ ಊರಿದ ಬಲಗೈಯನ್ನು ಒಬ್ಬ ಹಿಮ್ಮಡಿಯಿಂದ ಅರೆದ. ಯಾರ ಕಾಲೆಂದು ನೋಡಲು ಅವರು ತಲೆ ಎತ್ತಿದರು. ಅದೂ ತಂಗಿಯ ಗಂಡನದೇ.

ಆಗ ಮೇಷ್ಟ್ರಿಗೆ ನೋವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಜೀವಮಾನದಲ್ಲಿ ಅಂಥ ಸಿಟ್ಟು ಬಂದಿರಲಿಲ್ಲ. ಇವನೇ ಕಣ್ರೋ, ಈ ಬೇವರ್ಸಿಯೇ ಎಂದು ಒಂದು ಮಾತು ಹೇಳಿದರೆ ಸಾಕು, ಅಷ್ಟೂ ಕಾಲುಗಳು ಅತ್ತ ತಿರುಗುತ್ತಿದ್ದವು. ಮಾತು ಗಂಟಲಿಗೆ ಬಂದಿತ್ತು. ಹೇಳಬೇಕೆಂದೇ ಬಾಯಿ ತೆರೆದರು. ಗಡ್ಡಪ್ಪ ಬಗ್ಗಿ ಕಿವಿ ಕೊಟ್ಟ. ತಂಗಿಯ ಗಂಡನ ಕೈ ಎತ್ತಿದಲ್ಲೇ ನಿಂತಿತು.

"ನನ್ನ ಕೈಯನ್ನೂ ಸೇರಿಸಿ ಎಣಿಸಿಬಿಟ್ಟೆ" ಎಂದರು ಮೇಷ್ಟ್ರು. "ಎತ್ತಿ ಅಂತ ಹೇಳುವಾಗ ಅಭ್ಯಾಸಕ್ಕೆ ನಾನೂ ಎತ್ತಿದ್ದೆ."

ಗಡ್ಡಪ್ಪ ಅವರ ಮುಖವನ್ನೇ ನೋಡಿದ. ಆಮೇಲೆ ಗೊಳ್ಳೆಂದು ನಕ್ಕ. "ತನ್ನನ್ನೇ ಸೇರಿಸಿ ಎಣಿಸೋ ಇವನು ನಮಗೆ ಲೆಕ್ಕ ಕಲಿಸ್ತಾನಂತೆ!" ಎಲ್ಲರೂ ನಕ್ಕರು. ನಗುತ್ತಲೇ ಇನ್ನಷ್ಟು ಒದ್ದರು, ಇಷ್ಟು ದಿನ ತಿಂದ ಏಟುಗಳ ಬಾಕಿ. ಆಮೇಲೆ ಚಿಲಕ ತೆಗೆದು ಮೆಟ್ಟಿಲಿಳಿದು ಹೋದರು. ಉಳಿದವನು ತಂಗಿಯ ಗಂಡ ಒಬ್ಬನೇ. ಅವನು ಮೇಷ್ಟ್ರನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೂ ಅಲ್ಲಿಂದ ಮನೆಗೂ ಹೊತ್ತು ತಂದ. ದಾರಿಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಪರೀಕ್ಷೆಯಲ್ಲಿ ಆ ತಂಡದಿಂದ ಬಹಳ ಜನ ಪಾಸಾದರು, ಅವನೂ ಪಾಸಾದ. ಮೇಷ್ಟ್ರ ಕೋಣೆಗೆ ಮಾತ್ರ ಮತ್ತೆ ಯಾರೂ ಬರಲಿಲ್ಲ. ಎಣಿಸಲು ಬಾರದವನ ಹತ್ತಿರ ಲೆಕ್ಕ ಕಲಿಯುವವರು ಯಾರು? ಟೈರ್ ಅಂಗಡಿಯವನು ಆ ಬೆಂಚುಗಳ ಮೇಲೆ ಹಳೇ ಟೈರು ಪೇರಿಸಿದ. ಆದರೆ ಅವೆಲ್ಲ ಆಮೇಲಿನ ಮಾತು.

ಅವತ್ತು ಸಂಜೆ ತಂಗಿ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಪ್ಪುಗಟ್ಟಿದ ರಕ್ತವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾ ಅತ್ತಳು. ಅವಳ ಗಂಡ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ಎತ್ತಲಿಲ್ಲ.

"ಇವರು ಇಲ್ಲದೇ ಇದ್ದಿದ್ರೆ ನಿನ್ನನ್ನ ಅಲ್ಲೇ ಸಾಯಿಸಿಬಿಡ್ತಿದ್ರು ಅಣ್ಣ" ಎಂದಳು ಅವಳು. "ನೋಡು, ನಿನ್ನ ಬಿಡಿಸೋಕೆ ಹೋಗಿ ಇವರ ಗೆಣ್ಣುಗಳೆಲ್ಲ ಹೇಗೆ ಒಡೆದು ಊದಿಕೊಂಡಿವೆ."

ಮೇಷ್ಟ್ರು ಊದಿದ ಕಣ್ಣನ್ನು ಸ್ವಲ್ಪ ತೆರೆದು ಬಾಗಿಲ ಕಡೆ ನೋಡಿದರು.

"ಹೌದಮ್ಮ" ಎಂದರು. "ಹೋಗು, ಅವನ ಕೈಗೆ ಮೊದಲು ಮುಲಾಮು ಹಚ್ಚು."