ಸತ್ತವನ ಪಾಲು

ಕಾಜಾ ಅಕ್ಕ ಎಂದರೆ ಬೀದಿಗೆಲ್ಲ ಗೊತ್ತು. ದರ್ಜಿ ಅಂಗಡಿಗಳಿಂದ ಅಂಗಿ ತಂದು ಕಾಜಾ ಹೊಲಿದು, ಗುಂಡಿ ಹಾಕಿ ಕೊಡುವುದು ಅವಳ ಕೆಲಸ. ಗಂಡ ನಲ್ಲಿ ರಿಪೇರಿಯವನು. ಊರಿನ ನಲ್ಲಿಗಳನ್ನೆಲ್ಲ ಸರಿಮಾಡಿ ಮನೆಯದನ್ನು ಮಾತ್ರ ತೊಟ್ಟಿಕ್ಕಲು ಬಿಟ್ಟವನು. ಕೇಳಿದರೆ, "ಅದು ತಾಳ ಹಾಕ್ತಿದೆ ಕಣೆ, ನೀನು ಹಾಡು," ಎನ್ನುತ್ತಿದ್ದ. ಚಳಿಗಾಲದಲ್ಲಿ ಜ್ವರ ಬಂತು. ಎದೆಗಿಳಿಯಿತು. ಹೋದ.

ಮಣ್ಣು ಮಾಡಿದ ಮೇಲೆ ಅವಳು ಮೊದಲು ಮನೆಯಿಂದ ಹೊರಬಿದ್ದದ್ದು ಅಕ್ಕಿಗೆ. ಬಡವರಿಗೆ ತಲೆ ಲೆಕ್ಕದಲ್ಲಿ ಅಕ್ಕಿ, ಬೇಳೆ ಕೊಡುವ ಪುರಸಭೆಯ ಅಂಗಡಿ ಬೀದಿಯ ಕೊನೆಗಿತ್ತು. ಅಲ್ಲಿ ತಕ್ಕಡಿ ಹಿಡಿಯುತ್ತಿದ್ದವಳನ್ನು ಎಲ್ಲರೂ ತೂಕದವಳು ಎನ್ನುತ್ತಿದ್ದರು. ಮನೆಯಲ್ಲಿ ಉಣ್ಣುವವರು ಎಷ್ಟು ಎಂದು ಬಾಯಲ್ಲಿ ಹೇಳಬೇಕು, ಅವಳು ಅಷ್ಟು ತೂಗುತ್ತಿದ್ದಳು.

"ಎಷ್ಟು ಜನ ಅಕ್ಕಾ?" ಎಂದಳು, ರೂಢಿಯಂತೆ.

"ಇಬ್ರು."

ತೂಕದವಳ ಕೈ ನಿಂತಿತು. ಸಾವಿನ ಮನೆಗೆ ಬಂದು ಪಾತ್ರೆ ತೊಳೆದಿಟ್ಟು ಹೋದವಳು ಅವಳೇ. ಆದರೂ ಇಬ್ಬರದನ್ನು ತೂಗಿ, ಮೇಲೊಂದು ಹಿಡಿ ಕೊಸರು ಹಾಕಿದಳು.

ಮೊದಲ ಸಲ ಬಾಯಿ ತಪ್ಪಿ ಬಂದ ಮಾತು. ಮುಂದಿನ ತಿಂಗಳು ಬಾಯಿ ತಪ್ಪಿರಲಿಲ್ಲ. ಅವನಿದ್ದಾಗ ಇಬ್ಬರೂ ಅರೆಹೊಟ್ಟೆ ಉಂಡವರು. ಈಗ ಅವನ ಪಾಲೂ ಸೇರಿ ಅವಳ ಹೊಟ್ಟೆ ತುಂಬುತ್ತಿತ್ತು. ಅವನಿಗಾಗಿ ಅಳುತ್ತಿದ್ದಳು, ಅತ್ತು ಎದ್ದು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಳು. ಇದನ್ನು ಯಾರಿಗೆ ಹೇಳುವುದು?

ಒಂದು ದಿನ ವಾರ್ಡಿನ ಸದಸ್ಯ ಬಂದು ಅಂಗಡಿಯ ಮುಂದೆ ಸ್ಟೂಲ್ ಹತ್ತಿ ನಿಂತ.

"ಇಷ್ಟು ದಿನ ಈ ಅಕ್ಕಿ ಖರ್ಚೆಲ್ಲ ದೊಡ್ಡ ಸರ್ಕಾರದ್ದು. ಈಗ ಅವರು ಅದ್ರಲ್ಲಿ ಒಂದು ಭಾಗ ರಾಜ್ಯದ ಮೇಲೆ ಹಾಕಿದಾರೆ. ರಾಜ್ಯದವರು ಅದನ್ನ ನಮ್ಮ ಪುರಸಭೆ ತಲೆಗೆ ಕಟ್ಟಿದಾರೆ. ಇಲ್ಲದ ತಲೆಗೆ ಅಕ್ಕಿ ಹೋದದ್ದು ಸಿಕ್ಕಿಬಿದ್ರೆ ನಮ್ಮ ಭಾಗ ಇನ್ನೂ ಏರುತ್ತೆ."

"ಹಾಗಾದ್ರೆ ನಮ್ಮ ಚರಂಡಿ?" ಎಂದ ಒಬ್ಬ.

"ಈ ವರ್ಷ ಚರಂಡಿ ಮರೆತುಬಿಡಿ."

"ಹೋದ ವರ್ಷದಿಂದ ಮರೆತೇ ಇದೀವಿ ಸ್ವಾಮಿ, ವಾಸನೆನೇ ನೆನಪು ಮಾಡ್ತಿದೆ!"

ಎಲ್ಲರೂ ನಕ್ಕರು. ಕಾಜಾ ಅಕ್ಕನೂ ನಕ್ಕಳು. ನಗದಿದ್ದರೆ ಯಾರಾದರೂ ತನ್ನ ಮುಖ ನೋಡಿಯಾರು ಎಂದು ನಕ್ಕಳು.

ಅಂದು ಸಂಜೆ ತೂಕದವಳು ಮನೆಗೆ ಬಂದಳು. ಚಹಾ ಕೊಟ್ಟರೆ ಮುಟ್ಟಲಿಲ್ಲ.

"ಅಕ್ಕಾ, ತಪಾಸಣೆಯವರು ಬರ್ತಾರೆ. ಅಷ್ಟರೊಳಗೆ ಬಂದು ಒಬ್ಬಳೇ ಅಂತ ಹೇಳ್ಬಿಡು. ಹಿಂದಿನದು ಹೇಗೋ ಆಗುತ್ತೆ. ನನ್ನದು ಗುತ್ತಿಗೆ ಕೆಲಸ, ಎರಡು ಮಕ್ಕಳಿದಾವೆ."

"ಅವರು ಸತ್ತಿದ್ದು ನಂಗೆ ಗೊತ್ತಿಲ್ವೇನೆ? ನಿನ್ನ ತಕ್ಕಡಿ ಮುಂದೆ ಇನ್ನೊಂದು ಸಲ ಸಾಯಿಸ್ಬೇಕಾ? ನಿನ್ನ ಗಂಡ ಮನೇಲಿ ಗೊರಕೆ ಹೊಡೀತಾ ಬಿದ್ದಿದಾನೆ, ನಿಂಗೇನು ಗೊತ್ತಾಗುತ್ತೆ!"

ತೂಕದವಳು ತಲೆ ತಗ್ಗಿಸಿಕೊಂಡು ಹೋದಳು. ಕಾಜಾ ಅಕ್ಕನಿಗೆ ಕಣ್ಣೀರೇನೋ ನಿಜವಾಗಿಯೇ ಬಂದಿತ್ತು. ಆದರೆ ಅಳುತ್ತಲೇ ಅವಳ ಕಣ್ಣು ಅಕ್ಕಿಯ ಡಬ್ಬದ ಕಡೆಗೆ ಹೋಗಿತ್ತು.

ತಪಾಸಣೆಯವಳು ಬಂದ ದಿನ ಸಾಲು ಉದ್ದವಿತ್ತು. ಕಾಜಾ ಅಕ್ಕನ ಸರದಿ ಬಂತು.

"ಎಷ್ಟು ಜನಮ್ಮಾ?"

"ಇಬ್ರು. ನಾನು, ನಮ್ಮ ಯಜಮಾನ್ರು."

"ಎಲ್ಲಿ ಅವರು?"

"ಕೆಲಸಕ್ಕೆ ಹೋಗಿದಾರೆ."

ಸಾಲಿನಲ್ಲಿ ಅವಳ ಬೆನ್ನ ಹಿಂದೆ, ಅವನ ಹೆಣಕ್ಕೆ ಹೆಗಲು ಕೊಟ್ಟವರೇ ನಿಂತಿದ್ದರು. ಒಬ್ಬರೂ ತುಟಿ ಬಿಚ್ಚಲಿಲ್ಲ. ತಪಾಸಣೆಯವಳು ತೂಕದವಳ ಕಡೆಗೆ ತಿರುಗಿ, "ಹೌದೇನಮ್ಮಾ?" ಎಂದಳು.

"ಇಲ್ಲ ಮೇಡಂ. ಅವರು ತೀರ್ಕೊಂಡಿದಾರೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ತೂಗಿದೆ, ತಪ್ಪು ನಂದು."

ಕಾಜಾ ಅಕ್ಕನಿಗೆ ಏನೂ ಆಗಲಿಲ್ಲ. ದುಃಖದಲ್ಲಿರುವವಳು, ಬಿಡಿ ಎಂದರು. ತೂಕದವಳ ಕೆಲಸ ಹೋಯಿತು. ಇನ್ನು ಮೇಲೆ ಉಣ್ಣುವವರೆಲ್ಲ ಖುದ್ದಾಗಿ ಬಂದು ಮುಖ ತೋರಿಸಿದರೆ ಮಾತ್ರ ಅಕ್ಕಿ ಎಂದು ಬಾಗಿಲಿಗೆ ಬರೆದು ಹಾಕಿದರು.

ಕಾಜಾ ಅಕ್ಕ ಪುರಸಭೆಗೆ ಹೋದಳು. ಗುಮಾಸ್ತನ ಮೇಜಿನ ಮುಂದೆ ನಿಂತು, "ಸುಳ್ಳು ಹೇಳಿದ್ದು ನಾನು. ಅವಳನ್ನ ವಾಪಸ್ ಕರ್ಸಿ. ಬೇಕಾದ್ರೆ ನನ್ನ ಅಕ್ಕಿ ನಿಲ್ಸಿ," ಎಂದಳು.

ಗುಮಾಸ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನಿಮ್ಮ ಅಕ್ಕಿ ನಿಲ್ಸಿದ್ರೆ ಏನು ಉಳಿಯುತ್ತೆ ತಾಯಿ? ಖರ್ಚು ನಮ್ಮ ಮೇಲೆ ಬಿದ್ದಾಗಿಂದ ಎಲ್ಲಿ ಸಂಬಳ ಉಳಿಸೋದು ಅಂತ ಹುಡುಕ್ತಾನೇ ಇದ್ವಿ. ಕಸದ ಗಾಡಿಯವರಲ್ಲಿ ಅರ್ಧ ಜನ ಹೋದ್ರು. ಇವಳನ್ನ ತೆಗೆಯೋಕೆ ಕಾರಣ ಇರಲಿಲ್ಲ. ನೀವು ಕೊಟ್ರಿ."



ಮುಂದಿನ ಸಲ ಅಕ್ಕಿ ಕೊಟ್ಟ ದಿನ ಬೀದಿಗೆ ಬೀದಿಯೇ ಬಿಸಿಲಲ್ಲಿ ನಿಂತಿತ್ತು. ಹಸುಗೂಸುಗಳು, ಕೋಲು ಹಿಡಿದವರು. ತೂಕದವಳೂ ಗಂಡ, ಮಕ್ಕಳೊಂದಿಗೆ ಚೀಲ ಹಿಡಿದು ಸಾಲಿನಲ್ಲಿದ್ದಳು. ಕಾಜಾ ಅಕ್ಕನನ್ನು ಕಂಡು ಮುಖವನ್ನೇನೂ ತಿರುಗಿಸಲಿಲ್ಲ. ಗುರುತಿಲ್ಲದವರನ್ನು ನೋಡಿದಂತೆ ನೋಡಿದಳು, ಅಷ್ಟೇ.

ಬೀದಿಯ ಗಾರೆ ಕೆಲಸದವನೊಬ್ಬ ಹಾಸಿಗೆ ಹಿಡಿದ ತಾಯಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿ ತಂದಿದ್ದ.

"ಯಾಕೋ ಮಗಾ ನನ್ನನ್ನ ಬೀದಿಗೆ ತಂದೆ?" ಎಂದಳು ಮುದುಕಿ.

ಅವನು ಕಾಜಾ ಅಕ್ಕನನ್ನು ನೋಡಿದ. "ಗಾಳಿ ಸೇವನೆಗೆ ಅಮ್ಮಾ."

ಬೈದಿದ್ದರೆ ಕಾಜಾ ಅಕ್ಕ ತಡೆದುಕೊಳ್ಳುತ್ತಿದ್ದಳು.

"ಅಲ್ಲ ಅಜ್ಜಿ," ಎಂದಳು, ಸಾಲಿಗೆಲ್ಲ ಕೇಳುವ ಹಾಗೆ. "ನಾನು ಸತ್ತ ಗಂಡನ ಪಾಲು ತಿಂದೆ. ಅದಕ್ಕೇ ನಿಮ್ಮನ್ನೆಲ್ಲ ಬಿಸಿಲಿಗೆ ಎಳೆದಿದಾರೆ."

ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ನೀನಾ? ಹಾಗಾದ್ರೆ ಈ ಕಡೆ ಬಂದು ನಿಂತ್ಕೊಳೇ. ಮುಖಕ್ಕೆ ಬಿಸಿಲು ಹೊಡೀತಿದೆ."

ಕಾಜಾ ಅಕ್ಕ ಸೆರಗು ಹರಡಿ ನೆರಳು ಮಾಡಿ ನಿಂತಳು. ಸಾಲು ಸರಿದ ಹಾಗೆ ಗಾಡಿಯ ಜೊತೆಗೆ ತಾನೂ ಸರಿದಳು. ತೂಕದವಳ ಕಡೆ ನೋಡುವ ಧೈರ್ಯ ಬರಲಿಲ್ಲ.