ನೂರೆಂಟು ನಾಮ ಹಿಡಿಸುವಷ್ಟು ಬಿಡುವು

ಬನಶಂಕರಿ ತಾಯಿ ನನ್ನ ಕೂಸನ್ನು ಉಳಿಸಿಕೊಟ್ಟದ್ದನ್ನು ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ಬರುವುದು ಹೇಸಿಗೆ. ಭಕ್ತ ಬಂಧುಗಳು ಕ್ಷಮಿಸಬೇಕು. ಸತ್ಸಂಗದಲ್ಲಿ ಇದನ್ನು ಹೇಳಿದಾಗ ಒಬ್ಬ ಆಂಟಿ, "ಹಳೇದೆಲ್ಲಾ ಮರ್ತುಬಿಡಮ್ಮ, ಕೊನೇಗೆ ಎಲ್ಲಾ ಒಳ್ಳೇದಾಯ್ತಲ್ಲ" ಎಂದರು. ಒಳ್ಳೆಯದಾಯಿತು, ನಿಜ. ಆದರೆ ನಡೆದದ್ದನ್ನು ನುಣ್ಣಗೆ ಮಾಡಿ ಹೇಳಿದರೆ ತಾಯಿ ನಮ್ಮನ್ನು ಯಾವುದರಿಂದ ಕಾಪಾಡಿದಳೆಂದು ನಿಮಗೆ ತಿಳಿಯುವುದಾದರೂ ಹೇಗೆ?

ತೊಂಬತ್ತಾರರ ಚಳಿಗಾಲದ ಒಂದು ಶನಿವಾರ ಅಮೆರಿಕದ ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಹೆರಿಗೆಗೆ ಸೇರಿದ್ದೆ. ನೋವು ಸಾಲದೆಂದು ಬೆಳಿಗ್ಗೆ ಆಕ್ಸಿಟೋಸಿನ್ ಹಚ್ಚಿದರು. ಹೊಟ್ಟೆ ಬಿಗಿಹಿಡಿಯುವಂತೆ ಮಾಡುವ ಹಾರ್ಮೋನು ಅದು. ನಿಮಿಷಕ್ಕೆ ಇಷ್ಟೇ ಎಂದು ಪಂಪಿನಲ್ಲಿ ಅಳೆದು ಕೊಡುತ್ತಾರೆ. ಅತಿಯಾದರೆ ಹೊಟ್ಟೆ ಬಿಡುವಿಲ್ಲದೆ ಬಿಗಿದು, ಒಳಗಿನ ಕೂಸಿಗೆ ಪ್ರಾಣವಾಯು ಸಾಲುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಅದೇ ಊರಿನ ಲ್ಯಾಬಿನಲ್ಲಿ ಔಷಧಿ ಅಳೆಯುವುದೇ ನನ್ನ ಕೆಲಸವಾಗಿತ್ತು.

ಬಾಣಂತನಕ್ಕೆಂದು ಬಾಗಲಕೋಟೆಯಿಂದ ಬಂದಿದ್ದ ಅವ್ವ ಮಂಚದ ಪಕ್ಕ ಕುಳಿತು, ಒಂದು ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯ ಬೆರಳ ಗೆಣ್ಣುಗಳ ಮೇಲೆ ತಾಯಿಯ ನಾಮ ಎಣಿಸುತ್ತಿದ್ದಳು. ಮಧ್ಯಾಹ್ನ ಸೊಂಟಕ್ಕೆ ಸೂಜಿ ಚುಚ್ಚಿ ನೋವು ಮರೆಸಿದರು. ಚುಚ್ಚುವಾಗ ನನ್ನನ್ನು ಹೊರಳಿಸಿದವರು ಹೊಟ್ಟೆಯ ಬೆಲ್ಟನ್ನು ಹೇಗೋ ಮತ್ತೆ ಬಿಗಿದು ಹೋದರು. ಹೊಟ್ಟೆ ಎಷ್ಟು ಸಲ ಬಿಗಿಯುತ್ತದೆಂದು ಕಾಗದದ ಮೇಲೆ ಗೀಚಿ ತೋರಿಸುವುದು ಆ ಬೆಲ್ಟಿನ ಕೆಲಸ. ಆಮೇಲೆ ಗೆರೆ ಚಪ್ಪಟೆಯಾಯಿತು, ಹೊಟ್ಟೆ ಬಿಗಿಯುತ್ತಲೇ ಇಲ್ಲವೆಂಬಂತೆ. ಎಳೆಯ ನರ್ಸ್ ಅರ್ಧ ಗಂಟೆಗೊಮ್ಮೆ ಬಂದು, ಕಾಗದ ನೋಡಿ, "ಯು ಆರ್ ಡೂಯಿಂಗ್ ಗ್ರೇಟ್, ಹನಿ" ಎಂದು ನಕ್ಕು, ಪಂಪಿನ ಅಂಕಿ ಏರಿಸಿ ಹೋಗುತ್ತಿದ್ದಳು. ಒಂದು ಸಲವೂ ನನ್ನ ಹೊಟ್ಟೆ ಮುಟ್ಟಲಿಲ್ಲ. ಆ ನಗು ಇಂದಿಗೂ ನನಗೆ ವಾಕರಿಕೆ ತರಿಸುತ್ತದೆ.

"ಹೊಟ್ಟಿ ಕಲ್ಲಾಗೈತಿ" ಎಂದಳು ಅವ್ವ. "ಮುಂಜಾನೆ ಒಮ್ಮೆ ಬಿಗಿದು ಸಡ್ಲ ಆತಂದ್ರ, ಮತ್ತ ಬಿಗ್ಯೂದ್ರಾಗ ನೂರಾ ಎಂಟು ನಾಮ ಮುಗೀತಿದ್ವು. ಈಗ ಇಪ್ಪತ್ನಾಕಕ್ಕ ಮತ್ತ ಬಿಗೀತೈತಿ. ಆಕಿಗೆ ಹೇಳ್ರಿ."

ನಮ್ಮ ಮನೆಯವರು ತಲೆ ಕೆರೆದುಕೊಂಡರು. "ದೇವರ ನಾಮದಾಗ ಟೈಮ್ ಎಣಿಸ್ಯಾರ ಅಂತ ಹೆಂಗ ಹೇಳ್ಲಿ? ನಗ್ತಾರ."

ನಾನು ಏನೆಂದೆ ಗೊತ್ತೇ? "ಅವ್ವಾ, ಸುಮ್ಮನ ಕೂಡು. ಮಶೀನ್ ನಿನಕಿಂತ ಛಲೋ ಎಣಸ್ತೈತಿ." ನನಗೆ ನೋವೇ ತಿಳಿಯುತ್ತಿರಲಿಲ್ಲ. ಆದರೂ ಕೂಸನ್ನು ಹೊತ್ತವಳು ಕೂಸಿನ ಪರವಾಗಿ ಕೇಳದೆ ಯಂತ್ರದ ಪರವಾಗಿ ವಾದಿಸಿದೆ. ನರ್ಸ್‌ಗಿಂತ ಹೆಚ್ಚು ಅಸಹ್ಯ ನನಗೆ ನನ್ನ ಮೇಲೆಯೇ.

ಸ್ವಲ್ಪ ಹೊತ್ತಿನಲ್ಲಿ ಯಂತ್ರದಿಂದ ಕೇಳಿಬರುತ್ತಿದ್ದ ಕೂಸಿನ ಎದೆಬಡಿತದ ಸದ್ದು ನಿಧಾನವಾಯಿತು. ಕುದುರೆ ಓಡಿದಂತಿದ್ದದ್ದು ಕುಂಟುತ್ತ ನಡೆದಂತಾಯಿತು. ಮನೆಯವರು ಕರೆಗಂಟೆ ಒತ್ತಿದರು. ಯಾರೂ ಬರಲಿಲ್ಲ. ಅವರು ಕಾರಿಡಾರಿಗೆ ಓಡಿದರು. ಕಣ್ಣು ಮುಚ್ಚಿಕೊಂಡೆ. "ತಾಯಿ ಬನಶಂಕರಿ, ನನ್ನ ಓದು, ನನ್ನ ಜಾಣತನ ಎಲ್ಲಾ ಸುಟ್ಟು ಬೂದಿ ಮಾಡು. ಕೂಸು ಒಂದು ಉಳಿಸು." ಬೇರೆ ಪ್ರಾರ್ಥನೆ ಹೊಳೆಯಲಿಲ್ಲ.

ಮನೆಯವರ ಹಿಂದೆ ಬಂದವರು ಕೋಟು ಸಹ ತೆಗೆಯದ ವಯಸ್ಸಾದ ಕರಿಯ ನರ್ಸ್ ಒಬ್ಬರು. ಅವರ ಡ್ಯೂಟಿ ಇನ್ನೂ ಶುರುವಾಗಿರಲಿಲ್ಲ. ಕಾರಿಲ್ಲದ ಅವರಿಗೆ ಶನಿವಾರ ಬಸ್ಸು ಗಂಟೆಗೊಂದೇ. ಹಾಗಾಗಿ ಯಾವಾಗಲೂ ಮುಕ್ಕಾಲು ಗಂಟೆ ಮೊದಲೇ ಬಂದು ಕೂರುತ್ತಿದ್ದರಂತೆ. ಅವರು ಕಾಗದ ನೋಡಲಿಲ್ಲ. ಅವ್ವನ ಅಂಗೈ ಪಕ್ಕ ತಮ್ಮ ಅಂಗೈ ಇಟ್ಟರು. ಅವರ ಮುಖ ಗಂಟಾಯಿತು. ಪಂಪನ್ನು ಪಟ್ಟನೆ ನಿಲ್ಲಿಸಿ, ನನ್ನನ್ನು ಎಡ ಮಗ್ಗುಲಿಗೆ ಹೊರಳಿಸಿ, ಮೂಗಿಗೆ ಆಮ್ಲಜನಕ ಹಿಡಿದರು. ಬೆಲ್ಟು ಪಕ್ಕೆಯ ಕಡೆ ಜಾರಿಹೋಗಿತ್ತು.

ಆಗ ಅವರ ಕಣ್ಣು ಅವ್ವನ ಬೆರಳುಗಳ ಮೇಲೆ ಬಿತ್ತು. "ಏನು ಎಣಿಸುತ್ತಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈ ಸಲ ಮನೆಯವರು ನಾಚದೆ ಹೇಳಿದರು. ಆಕೆ ನಗಲಿಲ್ಲ. ಇನ್ನೊಮ್ಮೆ ಎಣಿಸಲು ಅವ್ವನಿಗೆ ಸನ್ನೆ ಮಾಡಿ, ತಾವು ಗೋಡೆ ಗಡಿಯಾರ ನೋಡಿದರು. ಇಪ್ಪತ್ತನಾಲ್ಕು ನಾಮಕ್ಕೆ ನಲವತ್ತು ಸೆಕೆಂಡು. "ಕೀಪ್ ಗೋಯಿಂಗ್, ಮಾಮಾ" ಎಂದರು ಅವ್ವನಿಗೆ, ಅಮ್ಮಾ ಎನ್ನುವ ಅರ್ಥದಲ್ಲಿ.

ಅವ್ವ ಎಣಿಸಿದಳು. ಮೂವತ್ತಾಯಿತು. ಐವತ್ತಾಯಿತು, ಹೊಟ್ಟೆ ಬಿಗಿಯಲಿಲ್ಲ. ನೂರೆಂಟು ಮುಗಿಯುವ ಹೊತ್ತಿಗೆ ಕೂಸಿನ ಎದೆ ಮತ್ತೆ ಓಡುತ್ತಿತ್ತು. ಸಂಜೆ ಮಗಳು ಹುಟ್ಟಿದಳು.

ಮರುದಿನ ಡಾಕ್ಟರು ಬಂದು, ಇಂಥದ್ದು ಆಗುತ್ತಿರುತ್ತದೆ ಎಂದು ಭುಜ ತಟ್ಟಿ ಹೋದರು. ಆಮೇಲೆ ದಾಖಲೆ ತರಿಸಿ ಓದಿದೆ. ಔಷಧಿಯನ್ನು ರೋಗಿ ಚೆನ್ನಾಗಿ ತಾಳಿಕೊಂಡಳೆಂದು ಬರೆದಿತ್ತು. ಬೆಲ್ಟಿನ ಮಾತಿಲ್ಲ, ಅವ್ವನ ಕೈಯ ಮಾತಂತೂ ಇಲ್ಲವೇ ಇಲ್ಲ. ಥೂ ಎಂದು ಮಡಚಿಟ್ಟೆ. ಅವರು ಬರೆಯದ್ದನ್ನು ತಾಯಿಯ ಹೆಸರಿನಲ್ಲಿ ನಾನು ಇಲ್ಲಿ ಬರೆದಿದ್ದೇನೆ. ಬಸ್ಸನ್ನು ಆ ಹೊತ್ತಿಗೆ ತಂದವಳೂ ಅವಳೇ, ಅವ್ವನ ಕೈ ಎತ್ತದಂತೆ ಹಿಡಿದವಳೂ ಅವಳೇ. ಇದರಲ್ಲಿ ನನಗೆ ಇನ್ನು ಸಂಶಯವಿಲ್ಲ.

ಈಗ ಪ್ರತಿ ಶುಕ್ರವಾರ ಮಗಳ ಹೊಟ್ಟೆಯ ಮೇಲೆ ಅಂಗೈಯಿಟ್ಟು ಬೆರಳಿನಲ್ಲಿ ನಾಮ ಎಣಿಸುತ್ತೇನೆ. ಅವಳಿಗೆ ಮೂರು ವರ್ಷ, ಒಂದು ಕಡೆ ನಿಲ್ಲುವವಳಲ್ಲ. "ಅಮ್ಮಾ, ಆರ್ ಯು ಡನ್?" ಎಂದು ಒದ್ದಾಡುತ್ತಾಳೆ.

"ಇನ್ನೂ ಇಪ್ಪತ್ನಾಕು ಅದಾವ, ತಡಿ" ಎನ್ನುತ್ತೇನೆ.